ಐವತ್ತು ರೂಪಾಯಿಗೆ ಹೋದ ಸಿಹಿಗುಂಬಳ

ಒಂದು ಸಿಹಿಗುಂಬಳಕಾಯಿಗೆ ನಾನು ಮೂರು ಸಾವಿರದ ಆರುನೂರ ಐವತ್ತು ರೂಪಾಯಿ ಕೊಟ್ಟೆ.

ಹೌದು, ನಾನೇ. ಕೊತ್ತಂಬರಿ ಸೊಪ್ಪಿನ ಜೊತೆ ನಾಲ್ಕು ಎಸಳು ಕರಿಬೇವು ಪುಕ್ಕಟೆ ಹಾಕಲಿಲ್ಲವೆಂದು ನಮ್ಮ ರಸ್ತೆಯ ತರಕಾರಿ ಅಂಗಡಿಯನ್ನು ಇವತ್ತಿಗೂ ಬಹಿಷ್ಕರಿಸಿರುವ ನಾನೇ. ಚೆನ್ನೈ ಆಟೋದವರ ಹತ್ತಿರ ಚೌಕಾಸಿ ಮಾಡುವುದು ಹೇಗೆಂದು ಇದೇ ಅಂಕಣದಲ್ಲಿ ನಿಮಗೆ ಎರಡು ವಾರ ಪಾಠ ಹೇಳಿದ ನಾನೇ. ಕಾಯಿ ನಾಲ್ಕು ಕೆ.ಜಿ. ಇದ್ದಿರಬಹುದು. ಕೋಯಂಬೇಡು ಮಾರುಕಟ್ಟೆಯಲ್ಲಿ ನೂರಿಪ್ಪತ್ತು ಹೇಳುತ್ತಾರೆ, ನಾನು ಹೋದರೆ ಎಂಬತ್ತಕ್ಕೆ ಕೊಡುತ್ತಾರೆ.

ಹಾಗಾದರೆ ಇಷ್ಟು ಯಾಕೆ ಕೊಟ್ಟೆ? ಐವತ್ತು ರೂಪಾಯಿ ನನ್ನ ಜಾಣತನಕ್ಕೆ. ಉಳಿದದ್ದು ಆ ಜಾಣತನದ ದಂಡ.

ಮೊದಲಿನಿಂದ ಹೇಳುತ್ತೇನೆ. ನಮ್ಮ ಮನೆಯ ಮಹಡಿ ರೂಮಿನಲ್ಲಿ ಈಗ ಎಸ್ತರ್ ಇದ್ದಾಳೆ. ಮಂಡ್ಯದ ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲಿದ್ದ ಸಾಲೊಮನ್‌ನ ಮಗಳು. ಸಾಲೊಮನ್ ತಿಪಟೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಮಗಳು ಇಲ್ಲಿ ಬಿ.ಎಸ್ಸಿ. ಓದುತ್ತಾಳೆ. ಮೊದಲ ವರ್ಷ ಕಾಲೇಜಿನ ಹಾಸ್ಟೆಲಿನಲ್ಲಿದ್ದಳು, ಖುಷಿಯಾಗಿದ್ದಳು. ಈ ವರ್ಷ ಹಾಸ್ಟೆಲ್ ರಿಪೇರಿ. ರೂಮಿನ ಗೆಳತಿಯರಿಬ್ಬರಲ್ಲಿ ಒಬ್ಬಳು ಕಾಲೇಜು ಬದಲಾಯಿಸಿದಳು, ಇನ್ನೊಬ್ಬಳು ಬೇರೆ ಸೆಕ್ಷನ್‌ಗೆ ಹೋದಳು. ಹೊಸ ಸೆಮಿಸ್ಟರ್, ಹೊಸ ಬೆಂಚು, ಸುತ್ತ ತಮಿಳು. ಹುಡುಗಿ ಕಾಲೇಜಿನಿಂದ ಬಂದವಳೇ ಚಪ್ಪಲಿ ಬಿಟ್ಟು ಮಹಡಿ ಹತ್ತಿದರೆ ಮತ್ತೆ ಇಳಿಯುವುದು ಊಟಕ್ಕೆ ಮಾತ್ರ.

ಭಾನುವಾರ ಚರ್ಚಿಗೂ ಹೋಗುವುದನ್ನು ಬಿಟ್ಟಿದ್ದಳು. ಕೇಳಿದೆ.

‘ಹೋದ ವರ್ಷ ಹಾಸ್ಟೆಲ್‌ನವರ ಜೊತೆ ಇಂಗ್ಲಿಷ್ ಸರ್ವಿಸ್‌ಗೆ ಹೋಗ್ತಿದ್ದೆ ಅಂಕಲ್. ಇಲ್ಲಿ ಹತ್ತಿರ ಇರೋದು ತಮಿಳು ಚರ್ಚ್. ರಾಗ ಎಲ್ಲಾ ನಮ್ಮ ಊರಿಂದೇ. ನಾನು ಮನಸ್ಸಲ್ಲೇ ಕನ್ನಡದಲ್ಲಿ ಹಾಡ್ಕೊಂಡು ನಿಂತಿರ್ತೀನಿ. ಪಕ್ಕದವರು ನನ್ನ ಬಾಯಿ ನೋಡ್ತಾರೆ.’

‘ಅಷ್ಟೇ ತಾನೇ? ತಮಿಳು ಕಲಿತುಕೋ. ನಾನು ಒಂದು ಬ್ಯಾಗು ಹಿಡ್ಕೊಂಡು ಈ ಊರಿಗೆ ಬಂದಾಗ ನನಗೇನು ಬರ್ತಿತ್ತು?’ ಎಂದೆ.

(ನನ್ನ ಸಲಹೆಗಳೆಲ್ಲ ಹೀಗೇ ಇರುತ್ತವೆ. ಕೇಳಿದವರು ಕಡಿಮೆ, ಕೊಟ್ಟಿದ್ದು ಜಾಸ್ತಿ.)

ಕಳೆದ ಶುಕ್ರವಾರ ಅವಳೇ ಕೆಳಗಿಳಿದು ಬಂದಳು. ಕೈಯಲ್ಲಿ ರೆಕಾರ್ಡ್ ಬುಕ್. ಅದರೊಳಗೆ ಮಡಿಸಿಟ್ಟ ಒಂದು ಹಾಳೆ. ಟಿ.ಸಿ. ಬೇಕೆಂದು ಬರೆದ ಅರ್ಜಿ.

‘ನಂಗೆ ಆಗ್ತಿಲ್ಲ ಅಂಕಲ್. ತಿಪಟೂರಲ್ಲೇ ಓದ್ತೀನಿ. ಅಪ್ಪಂಗೆ ಇನ್ನೂ ಹೇಳಿಲ್ಲ, ಈ ವರ್ಷದ ಫೀಸ್ ಕಟ್ಟಿ ಆಗಿದೆ. ನೀವು ಆಫೀಸಲ್ಲಿ ಮಾತಾಡಿದ್ರೆ ವಾಪಸ್ ಕೊಡ್ತಾರೆ ಅಲ್ವಾ? ಎಲ್ಲಾ ಕಡೆ ನೀವು ಮಾತಾಡಿದ್ರೆ ಆಗತ್ತೆ ಅಂತ ಆಂಟಿ ಹೇಳ್ತಾರೆ.’

ನನಗೆ ಏನನ್ನಿಸಬೇಕಿತ್ತು? ಬೇಸರ. ಅನ್ನಿಸಿದ್ದೇನು? ಹೆಮ್ಮೆ. ಸೋಮವಾರ ಹೋಗೋಣ ಎಂದುಬಿಟ್ಟೆ. ಕೂಡಲೇ ಒಂದು ಚೀಟಿಯಲ್ಲಿ ವಾದಗಳನ್ನೂ ಬರೆದುಕೊಂಡೆ. ನಮ್ಮವಳು, ಸರೋಜ, ಅಡುಗೆಮನೆಯಿಂದಲೇ, ‘ಏನ್ರೀ, ಹುಡುಗಿ ಕಾಲೇಜು ಬಿಡ್ತೀನಿ ಅಂತಾಳೆ, ನೀವು ಫೀಸಿಗೆ ಹೊರಟಿದ್ದೀರಲ್ಲ!’ ಎಂದಳು. ಎರಡೂ ಬೇರೆಬೇರೆ ವಿಷಯ ಎಂದು ನನಗಾಗ ಹೊಳೆದಿರಲಿಲ್ಲ.

ಶನಿವಾರ ತಿಪಟೂರಿನಿಂದ ಕಾರಿನಲ್ಲಿ ಬಂದ ಪರಿಚಯದವರೊಬ್ಬರು ಗೋಣಿಚೀಲದಲ್ಲಿ ಸಿಹಿಗುಂಬಳ ತಂದುಕೊಟ್ಟರು. ಎಸ್ತರಳ ತಾಯಿ ಹಿತ್ತಲಿನಲ್ಲಿ ಬೆಳೆದ ಬಳ್ಳಿಯ ಮೊದಲ ಕಾಯಿ. ಅವರ ಮನೆಯಲ್ಲಿ ಪ್ರತಿವರ್ಷ ಮೊದಲ ಕಾಯಿ ಚರ್ಚಿನ ಸುಗ್ಗಿ ಹಬ್ಬಕ್ಕೆ. ಈ ಸಲ ಇಲ್ಲಿಯ ಚರ್ಚಿನಲ್ಲೂ ಮರುದಿನ ಭಾನುವಾರವೇ ಹಬ್ಬವೆಂದು ಗೊತ್ತಾಗಿ, ‘ನೀನು ಎಲ್ಲಿರ್ತೀಯೋ ಅಲ್ಲಿ ಕೊಡು’ ಎಂದು ಕಳಿಸಿದ್ದರು. ಅಮ್ಮ ಕಳಿಸಿದ್ದನ್ನು ಕೊಡದೆ ಇರಲಾದೀತೇ? ಹುಡುಗಿ ಹೋಗಲೇಬೇಕಾಯಿತು. ನಾಲ್ಕು ಕೆ.ಜಿ. ಕಾಯಿ, ನನ್ನ ಸ್ಕೂಟರ್.

‘ನೀವೂ ಅವಳ ಜೊತೆಗಿರಿ. ಒಬ್ಬಳೇ ಕೂರೋಕೆ ಮುಜುಗರ ಆಗತ್ತೆ. ಬಾಯಿ ಮಾತ್ರ ಮುಚ್ಕೊಂಡಿರಿ’ ಎಂದಳು ಸರೋಜ.

ಮೊದಲ ಭಾಗ ಪಾಲಿಸಿದೆ.

ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಶಾಮಿಯಾನ. ಮೇಜಿನ ಮೇಲೆ ಬಾಳೆಗೊನೆ, ನುಗ್ಗೆಕಾಯಿ ಕಟ್ಟು, ಕಾಲು ಕಟ್ಟಿದ ಕೋಳಿ, ಯಾರೋ ಮನೆಯಲ್ಲಿ ಮಾಡಿದ ಕೇಕು, ನಮ್ಮ ಸಿಹಿಗುಂಬಳ. ಜನ ತಂದು ಕೊಟ್ಟದ್ದನ್ನೆಲ್ಲ ಈಗ ಹರಾಜು ಹಾಕುತ್ತಾರಂತೆ.

ಹರಾಜು! ನನ್ನ ಕಿವಿ ನೆಟ್ಟಗಾಯಿತು. ನನ್ನ ಕಸುಬೇ ಅದಲ್ಲವೇ? ಅಂಬತ್ತೂರಿನ ಕಾರ್ಖಾನೆಗಳಲ್ಲಿ ಗುಜರಿ ಹರಾಜಿಗೆ ನಿಂತು ನಿಂತು ಗೋಡೌನು ಕಟ್ಟಿದವನು ನಾನು. ಹಳೇ ಮೋಟರು, ತಾಮ್ರದ ತಂತಿ, ಕಬ್ಬಿಣದ ಚೂರು, ಯಾವುದು ಎಷ್ಟಕ್ಕೆ ನಿಲ್ಲಬೇಕೆಂದು ದೂರದಿಂದಲೇ ಹೇಳುತ್ತೇನೆ.

ಇಲ್ಲಿ ಮಾತ್ರ ಒಂದೂ ಅರ್ಥವಾಗಲಿಲ್ಲ. ಮೈಕು ಹಿಡಿದವರು ತಂಗರಾಜ್ ಎಂಬ ನಿವೃತ್ತ ರೈಲ್ವೆ ನೌಕರರು. ನುಗ್ಗೆಕಾಯಿ ಕಟ್ಟು ಎತ್ತಿ ಹಿಡಿದರು. ನೂರು ಎಂದರು ಒಬ್ಬರು. ಅವರ ಹೆಂಡತಿಯೇ ನೂರೈವತ್ತು ಎಂದರು! ಗಂಡನ ಮೇಲೆ ಹೆಂಡತಿ ಕೂಗುವ ಹರಾಜನ್ನು ನೀವು ಎಲ್ಲಾದರೂ ನೋಡಿದ್ದೀರಾ? ಕಟ್ಟು ಐನೂರಕ್ಕೆ ಹೋಯಿತು. ಕೋಳಿ ಎರಡು ಸಾವಿರ. ಒಂದೇ ಒಂದು ಮೊಟ್ಟೆ ಮುನ್ನೂರಕ್ಕೆ ಹೋಯಿತು. ಕೊಂಡವರು ಅದನ್ನು ತಿರುಗಿ ಮೇಜಿನ ಮೇಲಿಟ್ಟರು, ಮತ್ತೆ ಹರಾಜಾಗಿ ನಾನೂರಕ್ಕೆ ಹೋಯಿತು. ಕೊಟ್ಟವರು ನಗುತ್ತಿದ್ದಾರೆ, ಸೋತವರೂ ನಗುತ್ತಿದ್ದಾರೆ.

ಇವರಿಗೆ ಯಾರೂ ವ್ಯಾಪಾರ ಹೇಳಿಕೊಟ್ಟಿಲ್ಲ, ಪಾಪ, ಎಂದುಕೊಂಡೆ.

ಆಗ ತಲೆಗೆ ಬಂತು ನೋಡಿ. ಅಮ್ಮ ಬೆಳೆದ ಕಾಯಿ, ಬೇರೆಯವರ ಪಾಲಾಗುವುದೇಕೆ? ಅಗ್ಗದಲ್ಲಿ ಹೊಡೆದು ಹುಡುಗಿಗೇ ವಾಪಸ್ ಕೊಟ್ಟರೆ? ಸರೋಜಳ ಕೈಯ ಹುಳಿ ತಿಂದಾದರೂ ಮುಖ ಅರಳೀತು.

ಗುಜರಿ ಹರಾಜಿನಲ್ಲಿ ನಮ್ಮದೊಂದು ಪದ್ಧತಿಯಿದೆ. ಕೂಗು ಶುರುವಾಗುವ ಮೊದಲೇ ದೊಡ್ಡ ಗಿರಾಕಿಗಳ ಹತ್ತಿರ ಹೋಗಿ, ‘ಇದು ನನಗೆ ಬಿಡಿ, ಮುಂದಿನದು ನಿಮಗೆ’ ಎನ್ನುವುದು. ಎಲ್ಲರೂ ಬಾಯಿ ಮುಚ್ಚಿಕೊಂಡರೆ ರೇಟು ಏಳುವುದಿಲ್ಲ. (ಸರಿಯೋ ತಪ್ಪೋ ಇನ್ನೊಂದು ದಿನ ಮಾತಾಡೋಣ.) ಅಲ್ಲಿಯವರೆಗೆ ಜೋರಾಗಿ ಕೂಗಿದ್ದ ನಾಲ್ವರನ್ನು ಗುರುತಿಸಿದೆ. ಒಬ್ಬೊಬ್ಬರ ಹತ್ತಿರವೂ ಹೋಗಿ ತಮಿಳಿನಲ್ಲಿ ಹೇಳಿದೆ: ‘ಅಣ್ಣಾ, ಆ ಕುಂಬಳಕಾಯಿ ನಮ್ಮ ಮನೆ ಹುಡುಗಿ ತಂದದ್ದು. ನಾನೇ ತಗೋಬೇಕು ಅಂತಿದ್ದೀನಿ. ನನಗೆ ಬಿಟ್ಟುಬಿಡಿ.’

ನಾಲ್ವರೂ ಎಷ್ಟು ಮರ್ಯಾದೆಯಿಂದ ಒಪ್ಪಿದರು ಗೊತ್ತೇ? ಒಬ್ಬರಂತೂ ನನ್ನ ಕೈ ಕುಲುಕಿ, ಪಕ್ಕದವರಿಗೂ ಪಿಸುಗುಟ್ಟಿ ಹೇಳಿದರು. ಇಂಥ ಸುಲಭದ ವ್ಯಾಪಾರ ನಾನು ನನ್ನ ಜನ್ಮದಲ್ಲಿ ಮಾಡಿರಲಿಲ್ಲ.

ತಂಗರಾಜ್ ಸಿಹಿಗುಂಬಳವನ್ನು ಎರಡು ಕೈಯಲ್ಲಿ ಎತ್ತಿದರು. ‘ಇದು ಕರ್ನಾಟಕದ ತಿಪಟೂರಿಂದ ಬಂದಿದೆ! ನಮ್ಮ ಸಭೆಗೆ ಹೊಸದಾಗಿ ಬಂದಿರುವ ತಂಗಿ ಎಸ್ತರ್, ಅವಳ ತಾಯಿ ಕೊಟ್ಟ ಮೊದಲ ಫಲ!’ ಜನ ತಿರುಗಿ ನೋಡಿದರು. ಹುಡುಗಿ ಕೆಂಪಾದಳು. ತಲೆ ತಗ್ಗಿಸಿದಳು, ಆದರೆ ತುಟಿಯಲ್ಲಿ ಸಣ್ಣ ನಗೆಯಿತ್ತು.

‘ಐವತ್ತು!’ ಎಂದೆ.

ಸದ್ದಿಲ್ಲ. ನಾಲ್ವರೂ ನನ್ನನ್ನೇ ನೋಡಿ ಮುಗುಳ್ನಗುತ್ತಿದ್ದಾರೆ. ಇಡೀ ಶಾಮಿಯಾನ ಕಾಯುತ್ತಿದೆ. ತಂಗರಾಜ್ ಕೂಡ ಹುಬ್ಬೇರಿಸಿ ಕಾಯುತ್ತಿದ್ದಾರೆ.

‘ಐವತ್ತು... ಒರು ತರಂ.’ ಒಂದು ಸಲ ಎಂದು ಮತ್ತೆ ಕಾದರು. ‘ರೆಂಡು ತರಂ.’ ದನಿ ಇಳಿಯಿತು. ‘ಸಾರ್?’

ನಾನು ಜಂಬದಿಂದ ತಲೆಯಾಡಿಸಿದೆ.

‘ಮೂಣು ತರಂ.’

ಗೆದ್ದೆ! ಎಸ್ತರ್ ಕಡೆ ತಿರುಗಿದೆ. ಅವಳ ಕುರ್ಚಿ ಖಾಲಿ. ಹುಡುಗಿ ಗೇಟಿನ ಹತ್ತಿರದ ನಲ್ಲಿಯ ಕಡೆಗೆ ಬಿರಬಿರನೆ ನಡೆಯುತ್ತಿದ್ದಳು, ದುಪಟ್ಟಾದಲ್ಲಿ ಮುಖ ಒತ್ತಿಕೊಂಡು.

ನನ್ನ ಪಕ್ಕ ಕೂತಿದ್ದ ವಯಸ್ಸಾದ ಹೆಂಗಸು, ಎಲ್ಲರೂ ಮೇರಿ ಪಾಟಿ ಎನ್ನುತ್ತಿದ್ದ ಅಜ್ಜಿ, ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಯಾಕಪ್ಪಾ ಹೀಗೆ ಮಾಡಿದೆ? ನೀನು ದೊಡ್ಡದಾಗಿ ಕೂಗಿ ಆ ಮಗುವಿಗೆ ಗೌರವ ಮಾಡ್ತೀಯ ಅಂತ ಎಲ್ಲರೂ ಬಾಯಿ ಮುಚ್ಕೊಂಡ್ರು. ಇದು ವೆಲೆ ಇಲ್ಲೆ ತಂಬಿ, ಕಾಣಿಕ್ಕೈ.’

ಬೆಲೆಯಲ್ಲ, ಕಾಣಿಕೆ. ಮೊಟ್ಟೆಗೆ ನಾನೂರು. ನುಗ್ಗೆಕಾಯಿಗೆ ಐನೂರು. ತಿಪಟೂರಿನಿಂದ ಇಲ್ಲಿಯವರೆಗೆ ಬಂದ ಮೊದಲ ಫಲಕ್ಕೆ, ಇನ್ನೂರು ಜನರ ಎದುರಿಗೆ, ಐವತ್ತು!

ಎದ್ದು ಹೋಗಿ ಎಸ್ತರ್ ಹತ್ತಿರ ನಿಂತೆ.

‘ಸಂಜೆ ಅಮ್ಮ ಫೋನ್ ಮಾಡ್ತಾಳೆ ಅಂಕಲ್,’ ಎಂದಳು ನಲ್ಲಿಯನ್ನೇ ನೋಡುತ್ತ. ‘ಪ್ರತಿವರ್ಷ ಎಷ್ಟಕ್ಕೆ ಹೋಯ್ತು ಅಂತ ಕೇಳ್ತಾಳೆ. ಏನ್ ಹೇಳ್ಲಿ? ನಾಳೆ ಕಾಲೇಜಿಗೆ ಬೆಳಿಗ್ಗೇನೇ ಹೋಗೋಣ.’

ಹಿಂದಕ್ಕೆ ಬಂದೆ. ಐವತ್ತು ರೂಪಾಯಿ ಕಟ್ಟಿದೆ. ಕಾಯಿಯನ್ನು ಎತ್ತಿಕೊಂಡೆ. ಆಗ ಆ ಮೊಟ್ಟೆ ನೆನಪಾಯಿತು. ಕಾಯಿಯನ್ನು ತಿರುಗಿ ಮೇಜಿನ ಮೇಲಿಟ್ಟು ತಂಗರಾಜ್‌ಗೆ ಹೇಳಿದೆ, ‘ಇನ್ನೊಂದು ಸಲ ಹಾಕಿ ಸಾರ್. ನನಗೆ ನಿಮ್ಮ ಪದ್ಧತಿ ಗೊತ್ತಿರಲಿಲ್ಲ.’

ಅವರು ಅದನ್ನು ಮೈಕಿನಲ್ಲೇ ಹೇಳಿಬಿಟ್ಟರು! ಇಡೀ ಶಾಮಿಯಾನ ನಕ್ಕಿತು. ನಾನು, ‘ಐನೂರು’ ಎಂದೆ. ನಾಲ್ವರಲ್ಲಿ ಒಬ್ಬರು, ‘ಈಗ ನಾವು ಬಿಡಬೇಕೋ ಬೇಡವೋ ಸಾರ್?’ ಎಂದರು. ‘ಬಿಡಬೇಡಿ!’ ಎಂದೆ. ಜೀವನದಲ್ಲಿ ಮೊದಲ ಸಲ, ಹರಾಜಿನಲ್ಲಿ ಎದುರಾಳಿಯನ್ನು ಕೈಮುಗಿದು ಕರೆದೆ.

ಸಾವಿರವಾಯಿತು. ಸಾವಿರದ ಇನ್ನೂರು. ಸಾವಿರದ ಐನೂರು ಎಂದೆ ನಾನು. ಆಗ ಹಿಂದಿನಿಂದ ಒಂದು ಹೆಣ್ಣುದನಿ, ‘ರೆಂಡಾಯಿರಂ!’ ಎಂದಿತು.

ಎರಡು ಸಾವಿರ! ತಿರುಗಿದರೆ, ಕೂಗಿದ್ದು ಎಸ್ತರ್. ಹಾಡುವ ಗುಂಪಿನ ಐದಾರು ಹುಡುಗ ಹುಡುಗಿಯರ ನಡುವೆ ನಿಂತಿದ್ದಾಳೆ. ಡೈಸಿ ಎಂಬ ಹುಡುಗಿ ಅವಳ ತೋಳು ಹಿಡಿದುಕೊಂಡಿದ್ದಾಳೆ. (ನಲ್ಲಿಯ ಹತ್ತಿರ ಡೈಸಿ ಹೋಗಿ, ‘ನೀನು ಥರ್ಡ್ ಸೆಮ್ ಕೆಮಿಸ್ಟ್ರಿ ಅಲ್ವಾ? ನಾನು ನಿನ್ನ ಹಿಂದಿನ ಬೆಂಚು. ಒಂದು ತಿಂಗಳಿಂದ ನಿನ್ನ ಜಡೆ ಮಾತ್ರ ನೋಡ್ತಿದ್ದೀನಿ’ ಎಂದಳಂತೆ. ಇದು ಆಮೇಲೆ ಗೊತ್ತಾಗಿದ್ದು.) ಎಲ್ಲರೂ ಜೇಬು, ಪರ್ಸು ಬರಿದು ಮಾಡಿ ದುಡ್ಡು ಎಣಿಸುತ್ತಿದ್ದಾರೆ.

ಈಗ ನಾನೇನು ಮಾಡಬೇಕು ಹೇಳಿ? ಸುಮ್ಮನಾದರೆ ಮಕ್ಕಳ ಜೇಬು ಖಾಲಿ. ಏರಿಸಿದರೆ ಅವಳ ಮೇಲೇ ನಾನು ಕೂಗಿದಂತೆ. ಗೆಲ್ಲಬೇಕೋ, ಸೋಲಬೇಕೋ? ಯಾವುದು ಲಾಭ? ಗುಜರಿಯಲ್ಲಿ ಇಂಥ ಪ್ರಶ್ನೆ ಬಂದದ್ದೇ ಇಲ್ಲ. ಬಾಯಿಗೆ ಬಂದದ್ದನ್ನು ಕೂಗಿದೆ, ಎರಡೂವರೆ. ಅವರು ತಲೆ ಸೇರಿಸಿ ಪಿಸುಗುಟ್ಟಿ, ‘ಮೂವಾಯಿರಂ!’ ಎಂದರು. ಮೂರು ಸಾವಿರ. ಹುಡುಗಿ ನನ್ನ ಮುಖ ನೋಡಿಕೊಂಡೇ ಕೂಗುತ್ತಾಳೆ, ನಗುತ್ತಾಳೆ. ನಾನು ಮೂರು ಇನ್ನೂರು ಎಂದೆ. ಅವರು ಮೂರೂವರೆ. ಪರ್ಸಿನಲ್ಲಿದ್ದದ್ದನ್ನೆಲ್ಲ ಎಣಿಸಿದೆ. ಮೂರು ಸಾವಿರದ ಆರುನೂರು.

‘ಸಾಕು ಅಂಕಲ್, ತಗೊಳ್ಳಿ!’ ಎಂದು ಅಲ್ಲಿಂದಲೇ ಕನ್ನಡದಲ್ಲಿ ಕೂಗಿದಳು. ಶಾಮಿಯಾನ ಚಪ್ಪಾಳೆ ತಟ್ಟಿತು. ಸ್ಕೂಟರಿಗೆ ಪೆಟ್ರೋಲು ಹಾಕಿಸಲು ಹಿಂದಿರುಗುವಾಗ ಅವಳ ಹತ್ತಿರವೇ ನೂರು ರೂಪಾಯಿ ಈಸಿಕೊಂಡೆ.

ಸಂಜೆ ತಾಯಿಯ ಫೋನು ಬಂತು. ಎಸ್ತರ್ ನಮ್ಮ ಹಾಲಿನಲ್ಲೇ ಕೂತು ಮಾತಾಡಿದಳು. ‘ಎರಡು ಸಲ ಹೋಯ್ತಮ್ಮಾ... ಮೂರು ಸಾವಿರದ ಆರುನೂರು. ಹ್ಞೂಂ, ಅಂಕಲ್ಲೇ ತಗೊಂಡ್ರು... ಮೊದಲ್ನೇ ಸಲಾನಾ?’ ನನ್ನ ಕಡೆ ನೋಡಿದಳು. ‘ಮೊದಲ್ನೇದು ಲೆಕ್ಕಕ್ಕಿಲ್ಲ ಬಿಡು.’

ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಷರ್ಟು ಹಾಕಿ, ವಾದಗಳ ಚೀಟಿ ಜೇಬಿನಲ್ಲಿಟ್ಟು ನಿಂತಿದ್ದೆ. ಹುಡುಗಿ ಬ್ಯಾಗು ಹಾಕಿಕೊಂಡು ಇಳಿದಳು.

‘ಇವತ್ತು ಬೇಡ ಅಂಕಲ್. ರೆಕಾರ್ಡ್ ಸೈನ್ ಮಾಡಿಸ್ಬೇಕು.’

‘ಹಾಗಾದ್ರೆ ಬುಧವಾರ?’

‘ಬುಧವಾರ ಡೈಸಿ, ಅವಳ ಗ್ಯಾಂಗ್ ಎಲ್ಲಾ ಇಲ್ಲಿಗೆ ಬರ್ತಾರೆ, ಕುಂಬಳಕಾಯಿ ತಿನ್ನೋಕೆ. ಆಂಟಿಗೆ ಹೇಳಿದ್ದೀನಿ.’

‘ಅಂದ್ರೆ ಟಿ.ಸಿ. ಬೇಡ್ವೇನಮ್ಮಾ?’

‘ಗೊತ್ತಿಲ್ಲ ಅಂಕಲ್. ಚೀಟಿ ಇಟ್ಕೊಂಡಿರಿ.’

ಅರ್ಜಿ ಅವಳ ರೆಕಾರ್ಡ್ ಬುಕ್ಕಿನಲ್ಲಿ ಇನ್ನೂ ಇದೆಯೋ, ಹರಿದು ಹಾಕಿದ್ದಾಳೋ ನನಗೆ ತಿಳಿಯದು. ಕೇಳಲು ಧೈರ್ಯವಿಲ್ಲ. ನನ್ನ ಚೀಟಿಯಂತೂ ಜೇಬಿನಲ್ಲೇ ಇದೆ. ಅಂದಿನಿಂದ ಯೋಚಿಸುತ್ತಿದ್ದೇನೆ. ಅವಳಿಗೆ ನಾನು ‘ತಮಿಳು ಕಲಿ’ ಎಂದು ಬುದ್ಧಿ ಹೇಳಿದೆ, ಹುಡುಗಿ ಮಹಡಿ ಇಳಿಯಲಿಲ್ಲ. ಎಲ್ಲರ ಎದುರಿಗೆ ಅವಳ ಮರ್ಯಾದೆ ಕಳೆದೆ, ‘ರೆಂಡಾಯಿರಂ’ ಎಂದು ತಮಿಳಿನಲ್ಲಿ ಕೂಗಿದಳು. ಇದರಲ್ಲಿ ನಾನು ಮಾಡಿದ ಸಹಾಯ ಯಾವುದು, ತೊಂದರೆ ಯಾವುದು?

ಅಷ್ಟು ದುಡ್ಡು ಕೊಟ್ಟ ಮೇಲೆ ಒಂದು ಸಲಹೆಯನ್ನಾದರೂ ನಿಮಗೆ ಕೊಡದಿದ್ದರೆ ನನಗೆ ನಿದ್ದೆ ಬಾರದು. ಮಗಳನ್ನೋ ಮಗನನ್ನೋ ಹೊಸ ಊರಿಗೆ ಓದಲು ಕಳಿಸುವವರೇ, ಕೇಳಿ. ಎಸ್ತರಳ ಕಪಾಟಿನಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ, ಕೊಬ್ಬರಿ ಮಿಠಾಯಿ ಎಲ್ಲ ಇದ್ದವು. ಒಬ್ಬಳೇ ಕೂತು ತಿನ್ನುತ್ತಿದ್ದಳು. ಹಾಗಾಗಿ ಬ್ಯಾಗಿನಲ್ಲಿ ತಿನ್ನುವುದಕ್ಕೆ ಹತ್ತು ಪೊಟ್ಟಣ ಇಡುವ ಕಡೆ, ಅಲ್ಲಿಯವರಿಗೆ ಕೊಡುವುದಕ್ಕೆಂದೇ ಒಂದನ್ನು ಇಡಿ.

ಅದು ಹರಾಜಿಗೆ ಹೋಗುವಂಥದ್ದಾದರೆ, ನನ್ನಂಥವನನ್ನು ಮಾತ್ರ ಜೊತೆಗೆ ಕಳಿಸಬೇಡಿ.