ಅಂಕಲ್ ಮೂಸುತ್ತಿದ್ದ ಆನಿಂಗ್

ಕ್ಯಾಂಟನ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್‌ಗೆ ತಮ್ಮ ಕ್ಯಾಂಪರ್ ಗಾಡಿಯ ಆನಿಂಗ್ ಮೇಲೆ ಎಷ್ಟು ಪ್ರೀತಿಯೋ, ಅದರ ನೆರಳಲ್ಲಿ ಕೂತವರ ಮೇಲೆ ಅಷ್ಟೇ ಅನುಮಾನ. ಗಾಡಿಯ ಪಕ್ಕಕ್ಕೆ ಆ ಬಟ್ಟೆಯ ಚಪ್ಪರವನ್ನು ಬಿಚ್ಚಿದೊಡನೆ ಮೂಲೆಮೂಲೆಯನ್ನೂ ಮೂಸುತ್ತಿದ್ದರು. ಸಣ್ಣ ಕಲೆ ಕಂಡರೂ ಸಾಕು, ಹುಬ್ಬೇರಿಸಿ, "ಇದು ಯಾರ್ದೋ ಕೆಲಸ" ಎನ್ನುತ್ತಿದ್ದರು.

ಒಮ್ಮೆ ಅವರ ಜೊತೆ ನಾವೂ ಲೇಕ್ ದಂಡೆಗೆ ಕ್ಯಾಂಪಿಂಗ್ ಹೋಗಿದ್ದೆವು. ಬೆಳಿಗ್ಗೆ ಇದ್ದಕ್ಕಿದ್ದಂತೆ ಗಾಳಿಯೆದ್ದು ಮಳೆ ಬಂತು. ಯಾರಿಗೂ ಮುಟ್ಟಗೊಡದೆ ಅಂಕಲ್ ಒಬ್ಬರೇ ಗಡಿಬಿಡಿಯಲ್ಲಿ ಆನಿಂಗ್ ಸುತ್ತಿದರು. ಆಮೇಲೆ ನೋಡಿದರೆ, ಸ್ನಾನ ಮಾಡಿ ಒಣಹಾಕಿದ್ದ ಅವರ ಪಂಚೆ ಇಲ್ಲ! ಹೊರಡುವವರೆಗೂ ಅವರ ಕಣ್ಣು ನನ್ನ ಬ್ಯಾಗಿನ ಮೇಲೇ ಇತ್ತು.

ಒದ್ದೆ ಚಪ್ಪರ ಹಾಗೇ ಸುತ್ತಿಟ್ಟರೆ ಬೂಷ್ಟು ಹಿಡಿಯುತ್ತದೆಂದು, ಮನೆಗೆ ಬಂದವರೇ ಡ್ರೈವ್‌ವೇಯಲ್ಲಿ ಆನಿಂಗ್ ಬಿಚ್ಚಿದರು. ಸುರುಳಿಯೊಳಗಿಂದ ಪಂಚೆ ತೊಪ್ಪನೆ ಅವರ ಕಾಲ ಬಳಿ ಬಿತ್ತು.

"ನೀವೇ ಅದರ ಮೇಲೆ ಒಣಹಾಕಿ ನೀವೇ ಸುತ್ತಿದ್ದಲ್ವೇನ್ರೀ?" ಎಂದರು ಆಂಟಿ.

ಅಂಕಲ್ ಪಂಚೆಯನ್ನೂ ಮೂಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಒಣಹಾಕಿದ್ದೂ ನಾನೇ, ಸುತ್ತಿದ್ದೂ ನಾನೇ. ನೋಡ್ಕೊಂಡು ಸುಮ್ನಿದ್ದಿದ್ದು ಮಾತ್ರ ಯಾರ್ದೋ ಕೆಲಸ."