ಖವಾದ ಕಾರಿಗೆ ಎಷ್ಟು ರಿಪೇರಿ?

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಕಾರಿನಲ್ಲಿ ಮನುಷ್ಯರಿಗಿಂತ ಖವಾಕ್ಕೇ ಹೆಚ್ಚು ಮರ್ಯಾದೆ ಇತ್ತು. ಹಿಂದಿನ ಸೀಟನ್ನು ಅಪ್ಪ ಕಿತ್ತು ಅಟ್ಟಕ್ಕೆ ಹಾಕಿದ್ದ. ಆ ಜಾಗದಲ್ಲಿ ಖವಾದ ಡಬ್ಬಿಗಳು ಸಾಲಾಗಿ ಕೂರುತ್ತಿದ್ದವು. ನಾನೂ ಅಕ್ಕನೂ ಕಾರಿನಲ್ಲಿ ಹೋಗುವುದಾದರೆ ಮುಂದೆ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂರಬೇಕು.

ಹಾಲನ್ನು ಗಟ್ಟಿಯಾಗುವವರೆಗೆ ಕಾಯಿಸಿದರೆ ಬರುವ ಮುದ್ದೆಯೇ ಖವಾ. ಮಕ್ಕಳೇ, ನೀವು ಬಾಯಿ ಚಪ್ಪರಿಸಿ ತಿನ್ನುವ ಪೇಡೆಗೆ ಅದೇ ಮೂಲ. ನಮ್ಮ ಮನೆ ಖಾನಾಪುರದಲ್ಲಿತ್ತು. ಅಪ್ಪ ನಸುಕಿನಲ್ಲಿ ಎದ್ದು ಕಾಡಿನ ಅಂಚಿನ ಹಳ್ಳಿಗಳಿಗೆ ಹೋಗುತ್ತಿದ್ದ. ಎಮ್ಮೆ ಸಾಕಿದ ಮನೆಗಳಿಂದ ಖವಾ ಎತ್ತಿಕೊಂಡು, ಬೆಳಗಾವಿಯ ಮಿಠಾಯಿ ಅಂಗಡಿಯಲ್ಲಿ ಒಲೆ ಹಚ್ಚುವುದರೊಳಗೆ ತಲುಪಿಸುತ್ತಿದ್ದ. ನಮ್ಮ ಊಟ, ನಮ್ಮ ಶಾಲೆ, ಆ ಹಳ್ಳಿಮನೆಗಳ ಸಂತೆಯ ಖರ್ಚು ಎಲ್ಲವೂ ಆ ಕಾರಿನ ಮೇಲೆ ನಿಂತಿತ್ತು.

ಆ ವರ್ಷ ಕಾರು ನೀಲಿ ಹೊಗೆ ಉಗುಳತೊಡಗಿತು. ಸುಟ್ಟ ಎಣ್ಣೆಯ ಕಮಟು ವಾಸನೆ ತುಕ್ಕು ಹಿಡಿದ ನೆಲದ ತೂತುಗಳಿಂದ ಒಳಗೇ ಬರುತ್ತಿತ್ತು. ಖವಾ ಬಲು ಸೂಕ್ಷ್ಮ. ಪಕ್ಕದಲ್ಲಿ ಏನಿಟ್ಟರೂ ಅದರ ವಾಸನೆ ಎಳೆದುಕೊಳ್ಳುತ್ತದೆ. ಅಪ್ಪ ತೂತುಗಳಿಗೆ ಗೋಣಿತಟ್ಟು ತುರುಕಿದ, ಡಬ್ಬಿಗಳಿಗೆ ಒದ್ದೆ ಬಟ್ಟೆ ಸುತ್ತಿದ, ಚಳಿಯಲ್ಲಿ ಕಿಟಕಿಗಳನ್ನೆಲ್ಲ ತೆರೆದು ಓಡಿಸಿ ನೆಗಡಿ ತಂದುಕೊಂಡ. ಏನೂ ಉಪಯೋಗವಾಗಲಿಲ್ಲ. ಒಂದು ದಿನ ಅಂಗಡಿಯ ಸಾಹುಕಾರ ಒಂದು ಚೂರು ಮುರಿದು ಮೂಸಿ, ಡಬ್ಬಿಗಳನ್ನೆಲ್ಲ ಹಿಂದಕ್ಕೆ ತಳ್ಳಿದ.

“ಅಣ್ಣಾರ, ಎಷ್ಟ ಯಾಲಕ್ಕಿ ಹಾಕಿದ್ರೂ ಆಯಿಲ್ ವಾಸನಿನ ಹೊಡಿತೈತಿ. ನನ್ನ ಗಿರಾಕಿ ಪೇಡೆ ತಿನ್ನಾಕ ಬರ್ತಾರ್ರಿ, ಗ್ಯಾರೇಜ ಮೂಸಾಕ ಅಲ್ಲ.” ದೀಪಾವಳಿಯ ಕೆಲಸ ಶುರುವಾಗುವುದರೊಳಗೆ ವಾಸನೆ ಹೋಗದಿದ್ದರೆ ಬೇರೆಯವರಿಂದ ಖವಾ ತರಿಸಿಕೊಳ್ಳುತ್ತೇನೆ ಎಂದೂ ಹೇಳಿದ.

ಕಾರು ಬೆಳಗಾವಿಯ ಉದ್ಯಮಬಾಗದ ಒಂದು ಗ್ಯಾರೇಜು ಸೇರಿತು. ಅಲ್ಲಿಯ ಮಿಸ್ತ್ರಿ ಎಂಜಿನ್ ಇಳಿಸಿ ಬಿಚ್ಚಿಟ್ಟು, ಎಷ್ಟು ಕೆಲಸ ಮಾಡಬೇಕು ಎಂದು ಬಂದು ಹೇಳಿ ಹೋಗಲು ಅಪ್ಪನಿಗೆ ಹೇಳಿ ಕಳಿಸಿದ. ಶಾಲೆಗೆ ರಜೆ ಇದ್ದುದರಿಂದ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ರೈಲು ಹತ್ತಿದ. ತೊಡೆಯ ಮೇಲೆ ಒಂದೇ ಒಂದು ಡಬ್ಬಿ. ರೈಲಿನಲ್ಲಿ ಅಷ್ಟೇ ಸಾಗುತ್ತಿತ್ತು. ದೂರದ ಹಳ್ಳಿಗಳ ಖವಾ ಅಲ್ಲಲ್ಲೇ ಹುಳಿಯಾಗುತ್ತಿತ್ತು. ದಾರಿಯಲ್ಲಿ ದೇಸೂರು ಸ್ಟೇಷನ್ನಿನಲ್ಲಿ ಗಾಡಿ ಹೊತ್ತು ಗೊತ್ತಿಲ್ಲದೆ ನಿಂತಿತು. ಕಿಟಕಿಯ ಹೊರಗೆ ಹಣ್ಣಾದ ಭತ್ತದ ವಾಸನೆ. ನನಗೆ ಖುಷಿ. ಅಪ್ಪ ಮಾತ್ರ ನಿಮಿಷಕ್ಕೊಮ್ಮೆ ಹೊರಗೆ ಇಣುಕುತ್ತಿದ್ದ.

ಅಂಗಡಿಗೆ ಹೋದಾಗ ಒಲೆ ಆಗಲೇ ಧಗಧಗ ಉರಿಯುತ್ತಿತ್ತು. ಸಾಹುಕಾರ ಖವಾ ಮೂಸಿ ತಲೆಯಾಡಿಸಿದ. “ವಾಸನಿ ಇಲ್ಲ, ಚಲೋ ಐತಿ. ಆದ್ರ ಒಲಿ ಹಚ್ಚಿದ ಮ್ಯಾಲ ತಂದ್ರ ನಾ ಏನ್ ಮಾಡ್ಲಿ?” ಅಪ್ಪ ನಮ್ಮಿಬ್ಬರ ಕೈ ಹಿಡಿದು ಗ್ಯಾರೇಜಿನ ಕಡೆ ಬಿರಬಿರನೆ ನಡೆದ.

ಗ್ಯಾರೇಜಿನಲ್ಲಿ ಗೋಣಿಚೀಲದ ಮೇಲೆ ನಮ್ಮ ಎಂಜಿನ್ ಬಿಡಿಬಿಡಿಯಾಗಿ ಬಿದ್ದಿತ್ತು. ಸೀಮೆಎಣ್ಣೆಯಲ್ಲಿ ತೊಳೆದ ಕಬ್ಬಿಣದ ವಾಸನೆ, ಪಕ್ಕದ ಲೇತ್ ಯಂತ್ರದ ಕಿರುಚಾಟ. ಮಿಸ್ತ್ರಿ ಮುಂಗೈಯಿಂದ ಬೆವರು ಒರೆಸಿಕೊಂಡು ಎರಡು ದಾರಿ ಹೇಳಿದ. ಒಂದು ಸಣ್ಣ ಕೆಲಸ: ಎಂಜಿನ್ನಿನೊಳಗೆ ಮೇಲೆ ಕೆಳಗೆ ಓಡಾಡುವ ಲೋಟದಂಥ ಪಿಸ್ಟನ್‌ಗಳಿಗೆ ಬಳೆಯಂಥ ಹೊಸ ರಿಂಗು ಹಾಕಿ ಜೋಡಿಸುವುದು. ಇನ್ನೊಂದು ಪೂರಾ ಕೆಲಸ: ಒಳಗೆ ಸವೆದದ್ದನ್ನೆಲ್ಲ ಹೊಸದು ಮಾಡುವುದು. ಅಪ್ಪನ ಹತ್ತಿರ ಸಣ್ಣ ಕೆಲಸಕ್ಕಿಂತ ಸ್ವಲ್ಪ ಹೆಚ್ಚು ಹಣವಿತ್ತು, ಪೂರಾ ಕೆಲಸಕ್ಕೆ ಏನೇನೂ ಸಾಲುತ್ತಿರಲಿಲ್ಲ. ಹಣ ಹೇಗೋ ಹೊಂದಿಸಿದರೂ ಕಾರು ಕೈಗೆ ಬರುವಷ್ಟರಲ್ಲಿ ದೀಪಾವಳಿ ಮುಗಿದಿರುತ್ತಿತ್ತು.

“ಸಣ್ಣದ ಮಾಡ್ರಿ,” ಎಂದ ಅಪ್ಪ.

ಮಿಸ್ತ್ರಿ ಪಿಸ್ಟನ್ ಓಡಾಡುವ ಕೊಳವೆಯೊಳಗೆ ಅಪ್ಪನ ಬೆರಳು ಹಿಡಿದು ಆಡಿಸಿದ. ಅದೂ ಸವೆದಿತ್ತು, ರಿಂಗೊಂದನ್ನೇ ಹಾಕಿದರೆ ಹೊಗೆ ನಿಲ್ಲುವುದಿಲ್ಲ. ಕೊಳವೆ ಕೊರೆಸಬೇಕು. ಕೊರೆಸಿದರೆ ಹಳೆಯ ಪಿಸ್ಟನ್ ಸಡಿಲವಾಗುತ್ತದೆ, ಹೊಸದು ಬೇಕು. ಅಪ್ಪ ಹೂಂ ಎಂದ. ಅಲ್ಲಿಂದ ಶುರುವಾಯಿತು. “ಬಿಚ್ಚೇವಂದ ಮ್ಯಾಲ ನೀರಿನ ಪಂಪನೂ ಮಾಡಿಬಿಡೂಣ್ರಿ.” ಅಪ್ಪ ಹೂಂ ಎಂದ. “ಕ್ಲಚ್ ಪ್ಲೇಟ್ ಹೆಂಗೂ ಕೈಯಾಗ ಐತಿ, ಅದನ್ನೂ ಮಾಡೂಣು. ಮತ್ತ ಬಿಚ್ಚೂದಂದ್ರ ಮತ್ತ ಮಜೂರಿ.” ಅಪ್ಪನ ಹೂಂ ಸಣ್ಣದಾಗುತ್ತ ಹೋಯಿತು.

ಅಕ್ಕನಿಗೆ ತಡೆಯಲಾಗಲಿಲ್ಲ. “ಮಿಸ್ತ್ರಿ ಕಾಕಾ, ಹಾರ್ನ್ ಒಂದ ಉಳಿಸ್ರಿ. ಉಳಿದದ್ದೆಲ್ಲಾ ಹೊಸಾದ ಹಾಕಿಬಿಡ್ರಿ.”

“ಹಾರ್ನೂ ಕೆಮ್ಮಾಕತ್ತೈತವ್ವಾ,” ಎಂದ ಮಿಸ್ತ್ರಿ, ನಗದೆ.

ಅವನು ಮೋಸಗಾರನಾಗಿದ್ದರೆ ಅಪ್ಪನಿಗೆ ಅನುಕೂಲವಿತ್ತು, ಜಗಳವಾಡಿ ಹೊರಬರಬಹುದಿತ್ತು. ಆದರೆ ಅವನು ತೋರಿಸಿದ್ದೆಲ್ಲ ನಿಜವಾಗಿಯೂ ಸವೆದಿತ್ತು. ಅಪ್ಪ ಒಂದೊಂದು ಭಾಗವನ್ನೂ ಎತ್ತಿ ನೋಡಿ ಠಣ್ ಎಂದು ಕೆಳಗಿಡುತ್ತಿದ್ದ. ಹೊರಗೆ ಹೋಗಿ ರಸ್ತೆ ನೋಡಿ ಬರುತ್ತಿದ್ದ. ಒಮ್ಮೆ “ಏನೂ ಬ್ಯಾಡ, ಹಂಗ ಜೋಡಸ್ರಿ” ಎಂದ. ಜೋಡಿಸಿದರೆ ಅದೇ ಹೊಗೆ. ಇನ್ನೊಮ್ಮೆ “ಗುಜರಿಗೆ ಹಾಕಿಬಿಡ್ತೀನಿ” ಎಂದು ಕೂಗಿದ. “ಗುಜರಿಯವ್ರು ನಿಮ್ಮ ಖವಾ ಹೊರತಾರೇನ್ರಿ?” ಎಂದು ಮಿಸ್ತ್ರಿ ಬೀಡಿ ಹಚ್ಚಿದ.

ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯವನ್ನು ನಾನೂ ಅಕ್ಕನೂ ಹಳೆಯ ಟೈರಿನ ಮೇಲೆ ಕೂತು ತಿಂದೆವು. ಅಪ್ಪ ಮುಟ್ಟಲಿಲ್ಲ. “ಅಪ್ಪಾ, ಎರಡ ತುತ್ತ ತಿನ್ನೋ,” ಎಂದು ಅಕ್ಕ ಕರೆದರೂ ಬರಲಿಲ್ಲ. ಜೈನರ ಮನೆ ನಮ್ಮದು, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ.

ಬಿಸಿಲು ಗ್ಯಾರೇಜಿನ ಗೋಡೆ ಹತ್ತುವ ಹೊತ್ತಿಗೆ ಮಿಸ್ತ್ರಿ ಕೊನೆಯ ತುಂಡನ್ನು ತೋರಿಸಿದ. ಎಂಜಿನ್ನಿನ ತಳದಲ್ಲಿ ತಿರುಗುವ ದಪ್ಪ ಸರಳು, ಅದನ್ನು ಹಿಡಿಯುವ ಬೇರಿಂಗುಗಳು.

“ಇವೂ ಹೋಗ್ಯಾವ್ರಿ. ಮ್ಯಾಲ ಹೊಸಾದ ಹಾಕಿ ಕೆಳಗ ಹಳೇದ ಬಿಟ್ರ ಬಡೀತೈತಿ.”

“ಬಡೀತೈತಿ ಅಂದ್ರ?”

“ಟಕ್ ಟಕ್ ಅಂತ ಸಪ್ಪಳ ಬರ್ತೈತ್ರಿ. ಘಾಟಿನ್ಯಾಗ ಓಡಿಸಿದ್ರ ಮುರದರೂ ಮುರೀತೈತಿ.”

ಅಪ್ಪ ಮೊದಲ ಸಲ ಕೂತುಕೊಂಡ. “ಮತ್ತ ಹೊಗಿ?”

“ಹೊಗಿಗೂ ಇದಕ್ಕೂ ಸಂಬಂಧ ಇಲ್ರಿ.”

ಅಪ್ಪ ಆ ಸರಳನ್ನು ಕೈಯಿಂದ ಒಮ್ಮೆ ತಿರುಗಿಸಿ ನೋಡಿದ. ಆಮೇಲೆ ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. “ಹೊಗಿ ಖವಾಕ್ಕ ಹತ್ತತೈತಿ. ಸಪ್ಪಳ ಹತ್ತಂಗಿಲ್ಲ. ಹೊಗಿ ಎಲ್ಲಿಂದ ಬರ್ತೈತಿ ಅದನ್ನಷ್ಟ ಮಾಡ್ರಿ, ಕೊಳವಿ, ಪಿಸ್ಟನ್, ರಿಂಗ. ಅಷ್ಟಕ್ಕ ರೊಕ್ಕ ಸಾಲ್ತೈತಿ. ಪಂಪ ಬ್ಯಾಡ, ಪ್ಲೇಟ ಬ್ಯಾಡ. ಕೆಳಗಿಂದು ಬಡಕೋತ ಇರ್ಲಿ. ಘಾಟ ನಾ ಇಳಿಯೂದ ಇಲ್ಲ.”

ಅಕ್ಕ ನನ್ನ ಮುಖ ನೋಡಿದಳು. ಘಾಟಿ ಇಳಿದರೆ ಗೋವಾ. ಬರುವ ಬೇಸಿಗೆಗೆ ಅದೇ ಕಾರಿನಲ್ಲಿ ಸಮುದ್ರ ತೋರಿಸುತ್ತೇನೆಂದು ಅಪ್ಪ ಹೇಳಿದ್ದ.

ಮಿಸ್ತ್ರಿಗೆ ಅರ್ಧ ಕೆಲಸ ಹಿಡಿಸಲಿಲ್ಲ. “ಆತ್ರಿ, ಹಬ್ಬದ ಕೆಲಸ ಶುರು ಆಗೂದರೊಳಗ ಕೊಡ್ತೀನಿ. ಆದ್ರ ಇದು ನನ್ನ ಕೈ ಕೆಲಸಾ ಅಂತ ಯಾರ ಮುಂದೂ ಹೇಳಬ್ಯಾಡ್ರಿ,” ಎಂದ. ನಾವು ಸ್ಟೇಷನ್ ಮುಟ್ಟುವಾಗ ಹೊತ್ತು ಮುಳುಗಿತ್ತು. ಅಪ್ಪನ ಪಾಲಿನ ರೊಟ್ಟಿ ಗಂಟಿನಲ್ಲೇ ಉಳಿಯಿತು. ಖಾನಾಪುರದವರೆಗೂ ಅವನು ಹಸಿದುಕೊಂಡೇ ಬಂದ.

ಮಾತಿನಂತೆ ಹಬ್ಬದ ಕೆಲಸ ಶುರುವಾಗುವುದರೊಳಗೆ ಕಾರು ಬಂತು. ಹೊಗೆ ನಿಂತಿತ್ತು, ಸಪ್ಪಳ ಹಿಡಿದಿತ್ತು. ಸಾಹುಕಾರ ಖವಾ ಮುರಿದು ಒಮ್ಮೆ ಮೂಸಿದ, ನಂಬದೆ ಇನ್ನೊಮ್ಮೆ ಮೂಸಿದ, ಡಬ್ಬಿಗಳನ್ನೆಲ್ಲ ತಕ್ಕಡಿಗೆ ಏರಿಸಿದ. ಹೊರಗೆ ನಿಂತ ಕಾರಿನ ಕಡೆ ಕಿವಿಗೊಟ್ಟು, “ಅಣ್ಣಾರ, ಎಂಜಿನ್ನ್ಯಾಗ ಬಡಿಗ್ಯಾನ್ನ ಕುಂಡ್ರಿಸೀರೇನ್ರಿ?” ಎಂದ. ಅಪ್ಪ ನಗಲಿಲ್ಲ. ಆ ಕಾರು ಇರುವವರೆಗೂ ಪ್ರತಿದಿನ ನಸುಕಿನಲ್ಲಿ ಆ ಸಪ್ಪಳ ಶುರುವಾದ ಕೂಡಲೇ ಅವನ ಮುಖ ಗಂಟಾಗುತ್ತಿತ್ತು. ಹಳ್ಳಿಯವರಿಗೆ ಮಾತ್ರ ಅದರಿಂದ ಅನುಕೂಲವಾಯಿತು. ಟಕ್ ಟಕ್ ದೂರದಿಂದಲೇ ಕೇಳುತ್ತಿದ್ದುದರಿಂದ, ಕಾರು ಬಾಗಿಲಿಗೆ ಬರುವಷ್ಟರಲ್ಲಿ ಅವರು ಡಬ್ಬಿ ಹಿಡಿದು ನಿಂತಿರುತ್ತಿದ್ದರು.

ಮಕ್ಕಳೇ, ಬೆಳಗಾವಿಯ ರಾಮತೀರ್ಥ ನಗರದ ನಿಮ್ಮ ಮನೆಯ ಕಾರಿಗೂ ರಿಪೇರಿ ಬರುತ್ತದೆ. ಆಗ ಯಾರೋ ಬಂದು ಅದನ್ನು ಒಯ್ಯುತ್ತಾರೆ. ಏನೇನು ಬದಲಿಸಬೇಕೆಂದು ನಿಮ್ಮ ಅಪ್ಪನ ಫೋನಿಗೆ ಬರುತ್ತದೆ. ಅವನು ಚಹಾ ಕುಡಿಯುತ್ತಲೇ ಎಲ್ಲದಕ್ಕೂ ಒಪ್ಪಿಗೆ ಒತ್ತುತ್ತಾನೆ. ಸಂಜೆಗೆ ತೊಳೆದ ಕಾರು ಬಾಗಿಲಲ್ಲಿ ನಿಂತಿರುತ್ತದೆ. ಅದು ಬಂದದ್ದೂ ನಿಮಗೆ ಕೇಳಿಸುವುದಿಲ್ಲ. ಒಳಗೆ ಏನು ಸವೆದಿತ್ತು ಎಂದು ಕೇಳಿದರೆ ನಿಮ್ಮಲ್ಲಿ ಒಬ್ಬರೂ ಹೇಳಲಾರರು, ನಿಮ್ಮ ಅಪ್ಪನೂ ಹೇಳಲಾರ. ನಮ್ಮ ಕಾರಿನಲ್ಲಿ ಯಾವುದು ಹೊಸದು, ಯಾವುದು ಹಳೆಯದು ಎಂಬುದು ಆ ಟಕ್ ಟಕ್ ಕೇಳುತ್ತಿದ್ದ ಕಾಡಂಚಿನ ಹಳ್ಳಿಯ ಚಿಕ್ಕ ಮಕ್ಕಳಿಗೂ ಗೊತ್ತಿತ್ತು.