ಸಿನಗಾಗ್ ತೋರಿಸುವ ಗುರುಸಿದ್ದಪ್ಪ

ದಕ್ಷಿಣ ಕೆರೊಲಿನಾದ ಆ ಸಣ್ಣ ಊರಿನಲ್ಲಿ ಯಹೂದಿಗಳ ಹಳೆಯ ಪ್ರಾರ್ಥನಾ ಮಂದಿರವಾದ ಸಿನಗಾಗನ್ನು ಭಾನುವಾರ ಜನರಿಗೆ ತೋರಿಸುವವರು ಧಾರವಾಡದ ನಿವೃತ್ತ ಇಂಜಿನಿಯರ್ ಗುರುಸಿದ್ದಪ್ಪ. ಹತ್ತು ನಿಮಿಷಕ್ಕೆಂದು ಬಂದವರನ್ನು ಎರಡು ತಾಸು ಬಿಡುವುದಿಲ್ಲ. ಇಟ್ಟಿಗೆ ಸುಟ್ಟ ಭಟ್ಟಿ ಯಾವುದು, ಬೆಂಕಿ ಬಿದ್ದು ಮತ್ತೆ ಕಟ್ಟಿದ್ದು ಯಾವಾಗ, ಎಲ್ಲವನ್ನೂ ಹೇಳುತ್ತಾರೆ. ರೆಸ್ಟನ್ ಊರಿನಿಂದ ಬಂದ ಅಳಿಯ ರವಿಕಿರಣ್ "ಮಾವ, ಲಂಚ್ ಮಿಸ್ ಆಗತ್ತೆ" ಎಂದರೆ, "ತಡೀರಿ, ಇನ್ನೂ ತಳಪಾಯದಾಗ ಅದೀವಿ" ಎಂದು ಗೋಡೆ ತಟ್ಟುತ್ತಾರೆ. ಗುಮ್ಮಟಕ್ಕೆ ಬರುವಷ್ಟರಲ್ಲಿ ಕೇಳುವವರೆಲ್ಲ ನೆಲಕ್ಕೆ ಕೂತಿರುತ್ತಾರೆ. ಚಿಕ್ಕಂದಿನಿಂದ ಇದೇ ಸಿನಗಾಗಿಗೆ ಬರುತ್ತಿದ್ದ, ಈಗ ತೊಂಬತ್ತೊಂದು ವರ್ಷದ ಮಿರಿಯಮ್ ಬಂದಾಗ ಮಾತ್ರ ಆ ಮಾತು ನಿಲ್ಲುತ್ತದೆ. "ನಮ್ಮಪ್ಪ ಎಲ್ಲಿ ಕೂರುತ್ತಿದ್ದರು?" ಎಂದು ಆಕೆ ಪ್ರತಿ ವಾರವೂ ಕೇಳುತ್ತಾರೆ. ಗುರುಸಿದ್ದಪ್ಪ ಕೈಹಿಡಿದು ನಡೆಸಿ, ಕಿಟಕಿ ಪಕ್ಕದ ಮೂರನೇ ಬೆಂಚನ್ನು ತೋರಿಸುತ್ತಾರೆ. ಆರು ವರ್ಷದ ಹಿಂದೆ ಅದನ್ನು ಗುರುಸಿದ್ದಪ್ಪನವರಿಗೆ ತೋರಿಸಿಕೊಟ್ಟವರು ಮಿರಿಯಮ್ ಅವರೇ.